ಆನಿಮೆ ಸರಣಿಯ ಶ್ರೇಷ್ಠತೆ: ನಿಶ್ಚಲ ಚಿತ್ರ ಮತ್ತು ಕಂತಿನ ಕಾಲ

ಜಪಾನಿನ ಆನಿಮೆ ಸರಣಿಗಳ ಗುಣಾವಗುಣಗಳನ್ನು ಕುರಿತ ಚರ್ಚೆಗಳಲ್ಲಿ ಎರಡು ಬಗೆಯ ಅಳತೆಗೋಲುಗಳು ಮತ್ತೆ ಮತ್ತೆ ಬಳಕೆಯಾಗುತ್ತವೆ. ಚಿತ್ರಗಳ ಚಲನೆ ಎಷ್ಟು ನಯವಾಗಿದೆ, ದೃಶ್ಯಗಳು ಎಷ್ಟು ಸಮೃದ್ಧವಾಗಿವೆ ಎಂದು ಕೇಳುವುದು ಒಂದು ಬಗೆ. ಸರಣಿಯು ಎತ್ತಿಕೊಂಡ ವಸ್ತು ಎಷ್ಟು ಗಹನವಾದುದು, ಅದರಲ್ಲಿ ಎಷ್ಟು ಸಂಕೇತಗಳಿವೆ, ಯಾವ ದರ್ಶನದ ನೆರಳಿದೆ ಎಂದು ಹುಡುಕುವುದು ಮತ್ತೊಂದು ಬಗೆ. ಸಾಹಿತ್ಯ ವಿಭಾಗಗಳಲ್ಲಿ ಕೆಲಸ ಮಾಡುವ ನಮಗೆ ಎರಡನೆಯದು ಹೆಚ್ಚು ಪರಿಚಿತ. ಕಥಾಸಾರವನ್ನು ಕೊಟ್ಟು, ಆಶಯಗಳನ್ನು ಪಟ್ಟಿಮಾಡಿದರೆ ವಿಮರ್ಶೆ ಮುಗಿಯಿತೆಂದು ಭಾವಿಸುವ ರೂಢಿ ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಆದರೆ ಆನಿಮೆ ಸರಣಿಯು ವಾರಕ್ಕೊಂದು ಕಂತಿನಂತೆ, ಮಿತವಾದ ಹಣದಲ್ಲಿ, ಕೈಯಿಂದ ಬರೆದ ಚಿತ್ರಗಳ ಮೂಲಕ ಬೆಳೆದುಬಂದ ಪ್ರಕಾರ. ಈ ಮಿತಿಗಳನ್ನು ಬದಿಗಿಟ್ಟು ಅದರ ಮೌಲ್ಯವನ್ನು ನಿರ್ಣಯಿಸಲು ಬಾರದು. ಚಿತ್ರವು ಚಲಿಸದೆ ನಿಂತಾಗ, ಕಥೆಯು ಮುಂದಿನ ವಾರದವರೆಗೆ ತಡೆದು ನಿಂತಾಗ ಪ್ರೇಕ್ಷಕನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬಲ್ಲಿ ಶ್ರೇಷ್ಠ ಸರಣಿಗೂ ಸಾಧಾರಣ ಸರಣಿಗೂ ಇರುವ ಅಂತರ ಕಾಣುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಈ ಮಿತಿಗಳಿಗೆ ಒಂದು ಚರಿತ್ರೆಯಿದೆ. ಒಸಾಮು ತೆಜುಕಾ (1928–1989) ತಮ್ಮದೇ ಚಿತ್ರಕಥೆಯನ್ನು, ಅಂದರೆ ಮಾಂಗಾವನ್ನು, ಆಧರಿಸಿ ಮುಶಿ ಪ್ರೊಡಕ್ಷನ್ ಸಂಸ್ಥೆಯ ಮೂಲಕ ನಿರ್ಮಿಸಿದ 'ತೆತ್ಸುವಾನ್ ಆತೊಮು' ಸರಣಿಯು 1963ರ ಜನವರಿ 1ರಂದು ಫುಜಿ ಟೆಲಿವಿಷನ್‌ನಲ್ಲಿ ಆರಂಭವಾಯಿತು. 1966ರ ಅಂತ್ಯದವರೆಗೆ ಅದು 193 ಕಂತುಗಳಲ್ಲಿ ಪ್ರಸಾರವಾಯಿತು. ಹೊರದೇಶಗಳಲ್ಲಿ ಇದು 'ಆಸ್ಟ್ರೊ ಬಾಯ್' ಎಂದು ಪರಿಚಿತ. ಅರ್ಧ ಗಂಟೆಯ ವಾರಾವಧಿ ಆನಿಮೆಯ ಮಾದರಿ ಇಲ್ಲಿಂದ ನೆಲೆಗೊಂಡಿತು. ಚಲನಚಿತ್ರದ ಸುರುಳಿಯಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಚೌಕಟ್ಟಿಗೊಂದರಂತೆ, ಅಥವಾ ಎರಡಕ್ಕೊಂದರಂತೆ, ಹೊಸ ಚಿತ್ರ ಬರೆಯುವಷ್ಟು ಸಮಯವಾಗಲಿ ಜನರಾಗಲಿ ತೆಜುಕಾ ಅವರ ಬಳಿ ಇರಲಿಲ್ಲ. ಆದ್ದರಿಂದ ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸಲಾಯಿತು. ಸೆಕೆಂಡಿಗೆ 8 ಚಿತ್ರಗಳು ಸಾಕಾದವು. ಪಾತ್ರ ಮಾತನಾಡುವಾಗ ತುಟಿಯೊಂದೇ ಅಲುಗಾಡುವುದು, ಹಾರುವ ಭಂಗಿಯೊಂದನ್ನು ಕಾದಿರಿಸಿ ಬೇರೆ ಬೇರೆ ಕಂತುಗಳಲ್ಲಿ ಮರುಬಳಸುವುದು, ಭಾವದ ಉತ್ಕಟ ಗಳಿಗೆಯಲ್ಲಿ ಚಿತ್ರವನ್ನು ಸ್ತಬ್ಧಗೊಳಿಸುವುದು ಇವೆಲ್ಲ ರೂಢಿಗೆ ಬಂದವು. ನಿರ್ಮಾಣವೆಚ್ಚಕ್ಕಿಂತ ಕಡಿಮೆ ಬೆಲೆಗೆ ಸರಣಿಯನ್ನು ಮಾರಿದ್ದರಿಂದ ಉಳಿದ ಹಣವನ್ನು ಆಟಿಕೆ, ಮಿಠಾಯಿ ಮುಂತಾದ ಸರಕುಗಳ ಹಕ್ಕುಗಳಿಂದ ತುಂಬಿಕೊಳ್ಳುವ ಪದ್ಧತಿಯೂ ಬೆಳೆಯಿತು. ಈ ಮೇಲ್ಪಂಕ್ತಿಯಿಂದ ಇಡೀ ಉದ್ಯಮಕ್ಕೆ ಕೇಡಾಯಿತೆಂದು ಹಯಾವೊ ಮಿಯಾಜಾಕಿ 1989ರಲ್ಲಿ, ತೆಜುಕಾ ನಿಧನರಾದ ಬಳಿಕ, ಕಟುವಾಗಿಯೇ ಹೇಳಿದರು. ಚಿತ್ರಕಾರರ ದುಡಿಮೆಯ ದೃಷ್ಟಿಯಿಂದ ಆ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ಈ ಮಿತವ್ಯಯದಿಂದಲೇ ಒಂದು ವ್ಯಾಕರಣ ರೂಪುಗೊಂಡಿತು ಎಂಬುದು ಅಷ್ಟೇ ನಿಜ.

ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಔಚಿತ್ಯದ ಪ್ರಶ್ನೆ. ನಿಂತ ಚಿತ್ರವು ತನ್ನಷ್ಟಕ್ಕೆ ಗುಣವೂ ಅಲ್ಲ, ದೋಷವೂ ಅಲ್ಲ. ಅದು ಎಲ್ಲಿ ನಿಂತಿದೆ, ನಿಲ್ಲುವ ಮೊದಲು ಏನನ್ನು ಕೂಡಿಟ್ಟಿದೆ ಎಂಬುದರ ಮೇಲೆ ಅದರ ಧ್ವನಿಶಕ್ತಿ ಅವಲಂಬಿಸಿದೆ.

1974ರಲ್ಲಿ ಪ್ರಸಾರವಾದ 'ಆಲ್ಪ್ಸ್‌ನ ಹುಡುಗಿ ಹೈಡಿ' ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾದ ಸರಣಿ. ಜೊಹಾನ್ನಾ ಸ್ಪೀರಿಯವರ 1880–81ರ ಕಾದಂಬರಿಯನ್ನು ಆಧರಿಸಿದ ಇದರ ನಿರ್ದೇಶಕರು ಇಸಾವೊ ತಕಹಾತಾ (1935–2018); ಪಾತ್ರವಿನ್ಯಾಸ ಯೋಯಿಚಿ ಕೊತಾಬೆ ಅವರದು. ಪ್ರತಿ ದೃಶ್ಯದ ಚೌಕಟ್ಟಿನಲ್ಲಿ ಪಾತ್ರ ಎಲ್ಲಿರಬೇಕು, ಹಿನ್ನೆಲೆ ಎಷ್ಟಿರಬೇಕು, ಕ್ಯಾಮೆರಾದ ಕೋನ ಯಾವುದು ಎಂಬುದನ್ನು ನಿರ್ಧರಿಸುವ ಲೇಔಟ್ ಚಿತ್ರಗಳನ್ನು 52 ಕಂತುಗಳಿಗೂ ಮಿಯಾಜಾಕಿಯವರೇ ಬರೆದರು. ಹಲವು ಕೈಗಳು ಬರೆದ ಚಿತ್ರಗಳಿಗೆ ಇದರಿಂದ ಒಂದೇ ನೋಟದ ಏಕತೆ ಬಂತು. ನಿರ್ಮಾಣಕ್ಕೆ ಮೊದಲು, 1973ರಲ್ಲಿ, ಈ ತಂಡ ಸ್ವಿಟ್ಜರ್ಲೆಂಡಿಗೆ ಹೋಗಿ ಮೈಯೆನ್‌ಫೆಲ್ಡ್ ಪರಿಸರವನ್ನು ಕಣ್ಣಾರೆ ನೋಡಿ ಬಂದಿತ್ತು. ವಾರಾವಧಿಯ ಮಕ್ಕಳ ಕಾರ್ಯಕ್ರಮವೊಂದಕ್ಕೆ ಆ ಕಾಲದಲ್ಲಿ ಅದು ಅಪರೂಪದ ಸಿದ್ಧತೆ.

ಕಥೆ ಸರಳ. ಅನಾಥ ಬಾಲಕಿಯನ್ನು ಬೆಟ್ಟದ ಮೇಲೆ ಒಂಟಿಯಾಗಿರುವ ಅಜ್ಜನ ಬಳಿ ಬಿಡುತ್ತಾರೆ. ಮುಂದೆ ಫ್ರಾಂಕ್‌ಫರ್ಟ್ ನಗರದ ಶ್ರೀಮಂತರ ಮನೆಗೆ ಕರೆದೊಯ್ಯುತ್ತಾರೆ. ಅಲ್ಲಿ ಅವಳು ಊರಿನ ಹಂಬಲದಲ್ಲಿ ಕಾಯಿಲೆ ಬಿದ್ದು ಮರಳುತ್ತಾಳೆ. ಈ ಸಾರದಲ್ಲಿ ಸರಣಿಯ ಶ್ರೇಷ್ಠತೆಯ ಸುಳಿವೂ ಇಲ್ಲ. ಮೊದಲ ಕಂತಿನಲ್ಲಿ ಹೈಡಿ ಒಂದರ ಮೇಲೊಂದು ಬಟ್ಟೆ ತೊಟ್ಟು ಬೆಟ್ಟ ಹತ್ತುತ್ತಾಳೆ, ಸೆಕೆ ತಾಳದೆ ಅವನ್ನು ಒಂದೊಂದಾಗಿ ಕಳಚಿ ಓಡುತ್ತಾಳೆ. ಮುಂದಿನ ಕಂತುಗಳಲ್ಲಿ ಅಜ್ಜನ ಗುಡಿಸಲು, ಹುಲ್ಲಿನ ಹಾಸಿಗೆ, ಬೆಂಕಿಗೆ ಹಿಡಿದು ಕರಗಿಸಿದ ಚೀಸು, ಮೇಕೆಗಳ ಜೊತೆ ಹುಲ್ಲುಗಾವಲಿನ ಒಂದು ದಿನ. ಘಟನೆ ಎನ್ನಬಹುದಾದದ್ದು ಬಹಳ ಕಡಿಮೆ. ದಿನಗಳ ಈ ನಿಧಾನ ಶೇಖರಣೆಯ ಫಲ ಫ್ರಾಂಕ್‌ಫರ್ಟ್ ಭಾಗದಲ್ಲಿ ತಿಳಿಯುತ್ತದೆ. ಪೀಟರನ ಕುರುಡು ಅಜ್ಜಿಗೆ ಗಟ್ಟಿಯಾದ ಕಪ್ಪು ರೊಟ್ಟಿಯನ್ನು ಅಗಿಯಲಾಗದು. ಅವಳಿಗೆಂದು ಹೈಡಿ ಊಟದ ಮೇಜಿನಿಂದ ಮೃದುವಾದ ಬಿಳಿ ಬ್ರೆಡ್ಡುಗಳನ್ನು ತೆಗೆದು ಕಪಾಟಿನಲ್ಲಿ ಕೂಡಿಡುತ್ತಾಳೆ. ಮನೆಯೊಡತಿಯಂತೆ ವರ್ತಿಸುವ ರಾಟೆನ್‌ಮೈಯರ್ ಒಣಗಿದ ಆ ಬ್ರೆಡ್ಡುಗಳನ್ನು ಕಂಡು ಎಸೆಯಿಸುತ್ತಾಳೆ. ಕಾದಂಬರಿಯಲ್ಲಿಯೂ ಈ ಪ್ರಸಂಗವಿದೆ. ಆದರೆ ಸರಣಿಯ ಪ್ರೇಕ್ಷಕನು ಆ ಅಜ್ಜಿಯ ಮನೆಗೆ ತಿಂಗಳುಗಟ್ಟಲೆ, ವಾರ ವಾರವೂ ಹೋಗಿಬಂದವನು. ಬ್ರೆಡ್ಡು ಎಸೆದಾಗ ಅವನು ಕಳೆದುಕೊಳ್ಳುವುದು ತಾನೂ ಪಾಲುಗೊಂಡ ಕಾಲವನ್ನು. ಓದುಗನು ಒಂದೆರಡು ದಿನಗಳಲ್ಲಿ ಮುಗಿಸಬಹುದಾದ ಕಾದಂಬರಿಗೆ ಈ ಬಗೆಯ ಕಾಲದ ಭಾರ ಸುಲಭಕ್ಕೆ ಲಭ್ಯವಿಲ್ಲ. ವಾರಪತ್ರಿಕೆಯಲ್ಲಿ ಧಾರಾವಾಹಿ ಕಾದಂಬರಿ ಓದಿ ಬೆಳೆದ ಕನ್ನಡದ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂಲ ಕೃತಿಯಲ್ಲಿ ಪ್ರಾರ್ಥನೆಗೂ ದೈವಶ್ರದ್ಧೆಗೂ ಇರುವ ಕೇಂದ್ರಸ್ಥಾನವನ್ನು ತಕಹಾತಾ ಬಹುಮಟ್ಟಿಗೆ ಕುಗ್ಗಿಸಿದ್ದಾರೆ. ಆ ಜಾಗವನ್ನು ತುಂಬಿರುವುದು ಗಾಳಿಗೆ ಮೊರೆಯುವ ಮರಗಳು, ಬೆಳಕು, ಊಟ, ದುಡಿಮೆ. ಇದೊಂದು ಗಂಭೀರವಾದ ರೂಪಾಂತರ. ಅನುವಾದ ಅಧ್ಯಯನದವರಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ. ಪ್ರಾಸಂಗಿಕವಾಗಿ ಒಂದು ಮಾತು: 'ಹೈಡಿ'ಯನ್ನು ನಿರ್ಮಿಸಿದ ಜುಯಿಯೊ ಸಂಸ್ಥೆಯಿಂದ ಕವಲೊಡೆದು ಬಂದದ್ದು ನಿಪ್ಪಾನ್ ಆನಿಮೇಷನ್. 1989ರಲ್ಲಿ ಅದು ತಯಾರಿಸಿದ 52 ಕಂತುಗಳ 'ಜಂಗಲ್ ಬುಕ್' ಹಿಂದಿಯಲ್ಲಿ ದೂರದರ್ಶನದ ಮೂಲಕ 1990ರ ದಶಕದಲ್ಲಿ ಕರ್ನಾಟಕದ ಮನೆಗಳಿಗೂ ಬಂದಿತ್ತು. ಮೋಗ್ಲಿಯನ್ನು ಭಾನುವಾರ ಕಾದು ನೋಡಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಜಪಾನಿನದೆಂಬ ಅರಿವು ಇದ್ದಿರಲಾರದು.

'ಹೈಡಿ' ಪ್ರಸಾರವಾಗುತ್ತಿದ್ದ ಭಾನುವಾರದ ಅದೇ ವೇಳೆಯಲ್ಲಿ, 1974ರ ಅಕ್ಟೋಬರಿನಿಂದ, ಇನ್ನೊಂದು ವಾಹಿನಿಯಲ್ಲಿ 'ಉಚೂ ಸೆಂಕಾನ್ ಯಮಾತೊ' (ಬಾಹ್ಯಾಕಾಶ ಯುದ್ಧನೌಕೆ ಯಮಾತೊ) ಆರಂಭವಾಯಿತು. ವಿಕಿರಣದಿಂದ ಸಾಯುತ್ತಿರುವ ಭೂಮಿಯನ್ನು ಉಳಿಸಲು ನೌಕೆಯೊಂದು 1,48,000 ಜ್ಯೋತಿರ್ವರ್ಷ ದೂರದ ಇಸ್ಕಂದರ್ ಗ್ರಹಕ್ಕೆ ಹೋಗಿ ಒಂದು ವರ್ಷದೊಳಗೆ ಹಿಂದಿರುಗಬೇಕು. ಪ್ರತಿ ಕಂತಿನ ಕೊನೆಯಲ್ಲಿ ಮಾನವಕುಲದ ಅಳಿವಿಗೆ ಉಳಿದಿರುವ ದಿನಗಳ ಎಣಿಕೆ ಬರುತ್ತದೆ. ಹೀಗೆ ಎರಡು ಕಂತುಗಳ ನಡುವಿನ ವಾರವೂ ಕಥೆಯೊಳಗಿನ ಗಡುವಿಗೆ ಸೇರಿಹೋಗುತ್ತದೆ. ಪ್ರೇಕ್ಷಕನ ಮನೆಯ ಕ್ಯಾಲೆಂಡರು ಮತ್ತು ನೌಕೆಯ ಕ್ಯಾಲೆಂಡರು ಒಟ್ಟಿಗೆ ಓಡುತ್ತವೆ. ಪ್ರೇಕ್ಷಕರ ಸಂಖ್ಯೆ ಕಡಿಮೆಯೆಂದು 39 ಕಂತುಗಳ ಯೋಜನೆಯನ್ನು 26ಕ್ಕೆ ಮೊಟಕುಗೊಳಿಸಲಾಯಿತು. ಮರುಪ್ರಸಾರಗಳ ನಂತರ, 1977ರಲ್ಲಿ ಚಲನಚಿತ್ರವಾಗಿ ಬಂದಾಗ, ಅದಕ್ಕೆ ಅಪಾರ ಮನ್ನಣೆ ದೊರೆಯಿತು. 1979ರ 'ಮೊಬೈಲ್ ಸೂಟ್ ಗಂಡಂ' ಕೂಡ 52ರ ಬದಲು 43 ಕಂತುಗಳಿಗೆ ಮುಗಿದು ಬಳಿಕ ಬೆಳೆದ ಸರಣಿ. ಜನಪ್ರಿಯತೆಯೇ ಮೌಲ್ಯವೆಂದು ವಾದಿಸುವವರು ಯಾವ ವರ್ಷದ ಜನಪ್ರಿಯತೆ ಎಂಬುದನ್ನೂ ಹೇಳಬೇಕಾಗುತ್ತದೆ.

ನಿಶ್ಚಲತೆಯ ವ್ಯಾಕರಣವು ಅದರ ತುದಿ ಮುಟ್ಟಿದ್ದು ಹಿದೆಯಾಕಿ ಆನ್ನೊ ನಿರ್ದೇಶಿಸಿದ 'ನಿಯಾನ್ ಜೆನೆಸಿಸ್ ಇವಾಂಜೆಲಿಯನ್'ನಲ್ಲಿ. 1995ರ ಅಕ್ಟೋಬರಿನಿಂದ 1996ರ ಮಾರ್ಚಿಯವರೆಗೆ ಟಿವಿ ಟೋಕಿಯೊದಲ್ಲಿ ಬಂದ 26 ಕಂತುಗಳ ಈ ಸರಣಿಯ ನಾಯಕ 14 ವರ್ಷದ ಶಿನ್‌ಜಿ. ದೂರವಾಗಿದ್ದ ತಂದೆ ಅವನನ್ನು ಕರೆಸಿಕೊಳ್ಳುವುದು ದೈತ್ಯಯಂತ್ರವೊಂದನ್ನು ನಡೆಸಿ ಯುದ್ಧ ಮಾಡಿಸಲು. ಈ ಕೃತಿಯ ಬಗ್ಗೆ ಬಂದಿರುವ ವ್ಯಾಖ್ಯಾನಗಳಲ್ಲಿ ದೊಡ್ಡ ಪಾಲು ಅದರ ಶಿಲುಬೆ, ದೇವದೂತ, ಕಬಾಲಾ ಚಿಹ್ನೆಗಳ ಬಿಡಿಸುವಿಕೆಗೆ ಮೀಸಲಾಗಿದೆ. ಸಹಾಯಕ ನಿರ್ದೇಶಕ ಕಜುಯಾ ತ್ಸುರುಮಾಕಿಯವರೇ ಕ್ರೈಸ್ತ ಸಂಕೇತಗಳ ಹಿಂದೆ ವಿಶೇಷ ಧಾರ್ಮಿಕ ಅರ್ಥವಿರಲಿಲ್ಲವೆಂದೂ, ಅವು ನೋಡಲು ವಿಶಿಷ್ಟವಾಗಿದ್ದುವೆಂಬುದೇ ಮುಖ್ಯವಾಗಿತ್ತೆಂದೂ ತಿಳಿಸಿದ್ದಾರೆ. ಕರ್ತೃವಿನ ಮಾತೇ ಅಂತಿಮವಲ್ಲ, ನಿಜ. ಆದರೂ ಸಂಕೇತಗಳನ್ನು ಬಿಡಿಸಿದ ಮೇಲೆ ಕೈಗೆ ಉಳಿಯುವುದು ಸಂಕೇತಗಳ ಪಟ್ಟಿ ಮಾತ್ರ ಎಂದು ನನಗೆ ತೋರುತ್ತದೆ.

22ನೆಯ ಕಂತಿನ ಎಲಿವೇಟರ್ ದೃಶ್ಯವನ್ನು ನೋಡಬಹುದು. ರೇ ಮತ್ತು ಆಸುಕಾ ಎಂಬ ಇಬ್ಬರು ಹುಡುಗಿಯರು ಒಂದೇ ಪೆಟ್ಟಿಗೆಯೊಳಗೆ ನಿಂತಿದ್ದಾರೆ. ಸುಮಾರು ಒಂದು ನಿಮಿಷದ ಹೊತ್ತು ಚಿತ್ರ ಬಹುತೇಕ ಬದಲಾಗುವುದಿಲ್ಲ. ಕೇಳುವುದು ಯಂತ್ರದ ಸದ್ದೊಂದೇ. ಹಣ ಉಳಿಸುವ ಉಪಾಯವೆಂದು ಇದನ್ನು ಗೇಲಿ ಮಾಡಿದವರಿದ್ದಾರೆ. ಉಪಾಯವೇ ಇರಬಹುದು. ಆದರೆ 22ನೆಯ ಕಂತಿನ ಹೊತ್ತಿಗೆ ಆಸುಕಾಳ ಆತ್ಮಾಭಿಮಾನ ಕುಸಿಯುತ್ತಿರುವುದನ್ನೂ, ರೇಯ ಮೌನವನ್ನು ಅವಳು ಅವಮಾನವೆಂದು ತಿಳಿದಿರುವುದನ್ನೂ ಪ್ರೇಕ್ಷಕ ಬಲ್ಲ. ಆದ್ದರಿಂದ ಆ ನಿಮಿಷ ಅಸಹನೀಯವಾಗುತ್ತದೆ. ರೇ ಕೊನೆಗೂ ಆಡುವ ಮಾತಿಗೆ ಕಪಾಳಕ್ಕೆ ಹೊಡೆತ ಬೀಳುತ್ತದೆ. ಇದೇ ದೃಶ್ಯವನ್ನು ಎರಡನೆಯ ಕಂತಿನಲ್ಲಿ ಇಟ್ಟಿದ್ದರೆ ಅದು ಬರಿಯ ನಿಂತ ಚಿತ್ರವಾಗುತ್ತಿತ್ತು. 24ನೆಯ ಕಂತಿನಲ್ಲಿ ಶಿನ್‌ಜಿಯ ಯಂತ್ರವು ಅವನ ಏಕಮಾತ್ರ ಆಪ್ತನಾದ ಕಾವೊರುವನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತದೆ. ಬೀಥೋವನ್‌ನ ಒಂಬತ್ತನೆಯ ಸಿಂಫನಿ ಮೊಳಗುತ್ತಿರುವಾಗ ಚಿತ್ರ ಅಲುಗಾಡುವುದಿಲ್ಲ. ಕೊಲ್ಲಬೇಕೇ ಬೇಡವೇ ಎಂಬ ನಿರ್ಧಾರದ ಕಾಲವನ್ನು ಶಿನ್‌ಜಿಯೊಂದಿಗೆ ನಾವೂ ಕಳೆಯಬೇಕು. ಸಂಗೀತದ ಉಲ್ಲಾಸಕ್ಕೂ ಚಿತ್ರದ ಸ್ತಬ್ಧತೆಗೂ ಇರುವ ವಿರೋಧದಲ್ಲಿ ಹುಟ್ಟುವ ಸಂಕಟವನ್ನು ಎಷ್ಟು ನಯವಾದ ಚಲನೆಯೂ ತರಲಾರದು.

ಈ ಸರಣಿಯ ಎಲ್ಲ ಮಿತವ್ಯಯವನ್ನೂ ಹೀಗೆ ಸಮರ್ಥಿಸಲಾಗದು. 14ನೆಯ ಕಂತಿನ ಮೊದಲರ್ಧ ಹಿಂದಿನ ದೃಶ್ಯಗಳ ಮರುಜೋಡಣೆ. ಅದರಲ್ಲಿ ನಮಗೆ ಹೊಸದಾಗಿ ಸಿಗುವುದು ಅತ್ಯಲ್ಪ. ಕೊನೆಯ ಎರಡು ಕಂತುಗಳ ವಿಷಯ ಹೆಚ್ಚು ಜಟಿಲ. ಅಲ್ಲಿ ಯುದ್ಧದ ಕಥೆ ಕೈಬಿಟ್ಟುಹೋಗಿ ಪಾತ್ರಗಳ ಅಂತರಂಗದ ವಿಚಾರಣೆ ಮಾತ್ರ ಉಳಿಯುತ್ತದೆ. ಪೆನ್ಸಿಲಿನ ಕರಡುಗಳು, ಸಂಭಾಷಣೆಯ ಬರೆಹದ ಹಾಳೆಗಳು ತೆರೆಯ ಮೇಲೆ ಬರುತ್ತವೆ. ಅನೇಕ ಪ್ರೇಕ್ಷಕರು ಸಿಟ್ಟಾದರು. 1997ರ 'ದಿ ಎಂಡ್ ಆಫ್ ಇವಾಂಜೆಲಿಯನ್' ಚಲನಚಿತ್ರ ಇನ್ನೊಂದು ಮುಕ್ತಾಯವನ್ನು ಕೊಟ್ಟಿತು. 2007ರಿಂದ 2021ರವರೆಗೆ ಬಂದ ನಾಲ್ಕು ಚಲನಚಿತ್ರಗಳು ಮತ್ತೊಂದನ್ನು. ತಾನು ಯಾರೆಂದು ಕೇಳಿಕೊಳ್ಳುವ ಹುಡುಗನು ಬರಿಯ ಪೆನ್ಸಿಲ್ ಗೆರೆಯಾಗಿ ಕಾಣುವಾಗ ನಿರ್ಮಾಣದ ಕೊರತೆಯೂ ಪಾತ್ರದ ಶೂನ್ಯತೆಯೂ ಒಂದಾಗುತ್ತವೆ. ಈ ಕಾರಣದಿಂದ ಟೆಲಿವಿಷನ್ನಿನ ಮುಕ್ತಾಯವೇ, ಅದರ ಎಲ್ಲ ಬಿರುಕುಗಳೊಡನೆ, ಹೆಚ್ಚು ಸತ್ಯವಾದುದೆಂದು ನನ್ನ ಅಭಿಪ್ರಾಯ. ಭಿನ್ನಾಭಿಪ್ರಾಯಕ್ಕೆ ಇಲ್ಲಿ ಧಾರಾಳವಾಗಿ ಅವಕಾಶವಿದೆ.

ಈವರೆಗಿನ ವಾದಕ್ಕೆ ಒಂದು ಆಕ್ಷೇಪ ಬರಬಹುದು. ಕಾಲದ ಶೇಖರಣೆಯೇ ಸರಣಿಯ ಬಲವಾದರೆ ಪ್ರತಿ ಕಂತೂ ಸ್ವತಂತ್ರವಾಗಿರುವ ಸರಣಿಗಳ ಗತಿಯೇನು? ಯುಕಿ ಉರುಶಿಬಾರಾ ಅವರ ಮಾಂಗಾ ಆಧರಿಸಿ ಹಿರೊಶಿ ನಾಗಹಾಮಾ ನಿರ್ದೇಶಿಸಿದ 'ಮುಶಿಶಿ' (2005–06, 26 ಕಂತುಗಳು) ಇದಕ್ಕೆ ಉತ್ತರ ಕೊಡುತ್ತದೆ. ಸಸ್ಯವೂ ಅಲ್ಲದ, ಪ್ರಾಣಿಯೂ ಅಲ್ಲದ 'ಮುಶಿ'ಗಳೆಂಬ ಆದಿಮ ಜೀವಿಗಳು ಮನುಷ್ಯರಿಗೆ ತಂದೊಡ್ಡುವ ತೊಂದರೆಗಳನ್ನು ಪರಿಹರಿಸುತ್ತ ಅಲೆಯುವ ಗಿಂಕೊ ಇದರ ನಾಯಕ. ಪ್ರತಿ ವಾರ ಹೊಸ ಊರು, ಹೊಸ ಮನೆ, ಹೊಸ ದುಃಖ. ಕಂತಿನಿಂದ ಕಂತಿಗೆ ಸಾಗುವ ಕಥೆ ಇಲ್ಲವೆಂದೇ ಹೇಳಬಹುದು. ಆದರೆ ಗಿಂಕೊ ಮುಶಿಗಳನ್ನು ತನ್ನತ್ತ ಸೆಳೆಯುವ ಪ್ರಕೃತಿಯವನು. ಒಂದೆಡೆ ನಿಂತರೆ ಆ ಊರಿಗೇ ಅಪಾಯ. ಕಂತು ಮುಗಿದ ಕೂಡಲೇ ಅವನು ಹೊರಡಲೇಬೇಕು. ಕಂತುಗಳು ಪರಸ್ಪರ ಬೆಸೆದುಕೊಳ್ಳದಿರುವುದು ಇಲ್ಲಿ ನಾಯಕನ ವಿಧಿಯೇ ಆಗಿದೆ. 'ಹೈಡಿ'ಯಲ್ಲಿ ಉಳಿದುಕೊಳ್ಳುವುದು ಏನನ್ನು ಸಾಧಿಸುತ್ತದೋ 'ಮುಶಿಶಿ'ಯಲ್ಲಿ ಹೊರಟುಹೋಗುವುದು ಅದನ್ನು ಸಾಧಿಸುತ್ತದೆ. ಒಂದು ಮನೆಯವರು ಅವನನ್ನು ಇನ್ನೂ ಸ್ವಲ್ಪ ದಿನ ಇರು ಎಂದು ಕೇಳಿಕೊಂಡಾಗ, ಅವನು ಪೆಟ್ಟಿಗೆಯನ್ನು ಬೆನ್ನಿಗೇರಿಸುವ ಮೊದಲೇ ಪ್ರೇಕ್ಷಕನಿಗೆ ಉತ್ತರ ಗೊತ್ತಿರುತ್ತದೆ. ಮುಂದಿನ ವಾರದ ಕಂತಿನಲ್ಲಿ ಆ ಮನೆಯ ಪ್ರಸ್ತಾಪವೂ ಇರುವುದಿಲ್ಲ.