ಸ್ಪರ್ಧಾತ್ಮಕ ಗುರಿ ಶೂಟಿಂಗ್‌ಗಾಗಿ .22 ಬೋರ್ ರೈಫಲ್ ಆಯ್ಕೆ: ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ಅರ್ಜಿದಾರರಿಗೆ ಮಾಹಿತಿ

ಸ್ಪರ್ಧೆಯ ಉದ್ದೇಶಕ್ಕಾಗಿ .22 ಬೋರ್ ರೈಫಲ್ ಹೊಂದಲು ಇಚ್ಛಿಸುವ ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ಕ್ರೀಡಾಪಟುಗಳ ಮತ್ತು ಅವರ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡಿರುವ ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲ್ಲೂಕಿನ ಸ್ವಪ್ನಿಲ್ ಕುಸಾಳೆ ಅವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚಿನ ಪದಕ ಪಡೆದರು. ಈ ಸ್ಪರ್ಧೆಗೆ ಬಳಸುವುದು .22 ಬೋರ್ ರೈಫಲ್. ಇದು ಬಂದೂಕು ವರ್ಗಕ್ಕೆ ಸೇರಿದ ಆಯುಧವಾದ್ದರಿಂದ, ಇತರ ಕ್ರೀಡಾ ಸಾಮಗ್ರಿಗಳಂತೆ ಮೊದಲು ಖರೀದಿಸಿ ನಂತರ ಕಲಿಯುವುದಕ್ಕೆ ಕಾನೂನಿನಲ್ಲಿ ಅವಕಾಶವಿರುವುದಿಲ್ಲ.

ಆದುದರಿಂದ ಕ್ಲಬ್ಬಿನ ಸದಸ್ಯತ್ವ, ತರಬೇತಿ, ರೈಫಲಿನ ಆಯ್ಕೆ, ಪರವಾನಗಿ, ಖರೀದಿ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ. ಮಾರಾಟಗಾರರಿಗೆ ಮುಂಗಡ ಪಾವತಿಸಿದ ಮಾತ್ರಕ್ಕೆ ಅರ್ಜಿದಾರರಿಗೆ ಪರವಾನಗಿಯ ಹಕ್ಕು ಲಭಿಸುವುದಿಲ್ಲ. ಪರವಾನಗಿ ನಿರಾಕರಿಸಲ್ಪಟ್ಟಲ್ಲಿ ಅಥವಾ ವಿಳಂಬವಾದಲ್ಲಿ ಆಗುವ ನಷ್ಟವನ್ನು ಅರ್ಜಿದಾರರೇ ಭರಿಸಬೇಕಾಗುತ್ತದೆ.

ಏರ್ ರೈಫಲ್‌ನಿಂದ ಆರಂಭ

10 ಮೀಟರ್ ಸ್ಪರ್ಧೆಯಲ್ಲಿ ಬಳಸುವ 4.5 ಮಿ.ಮೀ. ಏರ್ ರೈಫಲ್‌ಗೆ ಪರವಾನಗಿಯ ಅಗತ್ಯವಿಲ್ಲ. ಆಯುಧ ನಿಯಮಗಳು, 2016ರ ಪ್ರಕಾರ .177 ಅಂಗುಲ (4.5 ಮಿ.ಮೀ.) ಮೀರಿದ ಬೋರ್ ಅಥವಾ 20 ಜೂಲ್ ಮೀರಿದ ಶಕ್ತಿಯುಳ್ಳ ಏರ್ ರೈಫಲ್‌ಗಳಿಗೆ ಮಾತ್ರ ಪರವಾನಗಿ ಬೇಕಾಗುತ್ತದೆ. ಸ್ಪರ್ಧಾ ಏರ್ ರೈಫಲ್‌ಗಳ ಶಕ್ತಿಯು ಈ ಮಿತಿಗಿಂತ ಬಹಳ ಕಡಿಮೆ ಇರುತ್ತದೆ. 10 ಮೀಟರ್ ಗುರಿಫಲಕದ ಹತ್ತರ ವೃತ್ತದ ವ್ಯಾಸ ಕೇವಲ ಅರ್ಧ ಮಿ.ಮೀ. ಆಗಿರುವುದರಿಂದ, ನಿಲುವು, ಉಸಿರಾಟ ಮತ್ತು ಟ್ರಿಗರ್ ಹಿಡಿತದಲ್ಲಿನ ದೋಷಗಳು ಇಲ್ಲಿಯೇ ಗೋಚರಿಸುತ್ತವೆ. ಕನಿಷ್ಠ ಒಂದು ವರ್ಷ ಏರ್ ರೈಫಲ್ ಅಭ್ಯಾಸ ಮಾಡಿದವರಿಗೆ ತಮಗೆ ಬೇಕಾದ ರೈಫಲ್ ಎಂತಹುದು ಎಂಬುದು ತಾನಾಗಿ ತಿಳಿಯುತ್ತದೆ. 21 ವರ್ಷ ತುಂಬದವರು ಸ್ವಂತ ಹೆಸರಿನಲ್ಲಿ ಬಂದೂಕನ್ನು ಪಡೆಯುವುದಕ್ಕೆ ಆಯುಧ ಕಾಯ್ದೆಯ 9ನೇ ಪ್ರಕರಣದ ನಿರ್ಬಂಧವಿದೆ. ತರಬೇತಿಯ ಸಮಯದಲ್ಲಿ ಮಾತ್ರ, ನಿಯಮಗಳ ಷರತ್ತುಗಳಿಗೆ ಒಳಪಟ್ಟು ಬಳಸಬಹುದು.

ರೈಫಲಿನ ಆಯ್ಕೆ

ಎನ್‌ಸಿಸಿಯಲ್ಲಿ ತರಬೇತಿ ಪಡೆದವರಿಗೆ .22 ಡಿಲಕ್ಸ್ ರೈಫಲ್ ಪರಿಚಿತವಾಗಿರುತ್ತದೆ. ಹಗುರವಾದ ಆ ರೈಫಲ್ ಪ್ರಾಥಮಿಕ ತರಬೇತಿಗೆ ಒಳ್ಳೆಯದೇ ಆದರೂ, 50 ಮೀಟರ್ ಸ್ಪರ್ಧೆಗೆ ಹೊಂದುವುದಿಲ್ಲ. 50 ಮೀಟರ್ ಗುರಿಫಲಕದ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ.; ಅಂದರೆ ಗುಂಡಿನ 5.6 ಮಿ.ಮೀ. ವ್ಯಾಸದ ಎರಡರಷ್ಟೂ ಇಲ್ಲ. ಅಷ್ಟು ದೂರದಿಂದ ಅದೇ ವೃತ್ತಕ್ಕೆ ಮತ್ತೆ ಮತ್ತೆ ಗುಂಡು ಬೀಳಬೇಕಾದರೆ ದಪ್ಪ ಹಾಗೂ ಭಾರವಾದ ನಳಿಗೆ, ರಂಧ್ರದ ಮೂಲಕ ನೋಡುವ ಹಿಂಬದಿ ಸೈಟ್, ವೃತ್ತಾಕಾರದ ಮುಂಬದಿ ಸೈಟ್ ಹಾಗೂ ಹಗುರವಾಗಿ ಬಿಡುಗಡೆಯಾಗುವ ಟ್ರಿಗರ್ ಅವಶ್ಯ. ಪ್ರತಿ ಹೊಡೆತಕ್ಕೂ ಒಂದೊಂದೇ ತೋಟಾ ತುಂಬುವ ಬೋಲ್ಟ್ ಮಾದರಿಯನ್ನೇ ಈ ಸ್ಪರ್ಧೆಗೆ ಆರಿಸಿಕೊಳ್ಳತಕ್ಕದ್ದು.

ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ದೇಹಕ್ಕೆ ಹೊಂದಿಕೆಯಾಗುವಿಕೆ. ಮೂರು ಭಂಗಿಗಳ ಸ್ಪರ್ಧೆಯಲ್ಲಿ ಮಂಡಿಯೂರಿ, ಮಲಗಿ ಹಾಗೂ ನಿಂತು ಒಂದೇ ರೈಫಲಿನಿಂದ ಗುಂಡು ಹಾರಿಸಬೇಕಾಗುತ್ತದೆ. ಪ್ರತಿ ಭಂಗಿಯಲ್ಲಿಯೂ ಕಣ್ಣು, ಕೆನ್ನೆ ಮತ್ತು ಭುಜದ ಅಂತರ ಬದಲಾಗುತ್ತದೆ. ಆದ್ದರಿಂದ ಭುಜಕ್ಕೆ ತಾಗುವ ಬಟ್, ಕೆನ್ನೆ ಒರಗುವ ಭಾಗ ಮತ್ತು ಮುಂಗೈ ಹಿಡಿತದ ಸ್ಥಾನವನ್ನು ಸುಲಭವಾಗಿ ಹೊಂದಿಸಿಕೊಳ್ಳುವ ವ್ಯವಸ್ಥೆ ಇರತಕ್ಕದ್ದು. ಮಲಗಿ ಹೊಡೆಯುವ ಸ್ಪರ್ಧೆ 2016ರ ರಿಯೊ ಕೂಟದ ನಂತರ ಒಲಿಂಪಿಕ್ಸ್‌ನಲ್ಲಿ ಇಲ್ಲ. ಆದರೂ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದೆ. ಕೊಲ್ಹಾಪುರದವರೇ ಆದ ತೇಜಸ್ವಿನಿ ಸಾವಂತ್ ಅವರು 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದದ್ದು ಈ ವಿಭಾಗದಲ್ಲಿಯೇ. ಅದೊಂದರಲ್ಲಿಯೇ ಸ್ಪರ್ಧಿಸುವವರಿಗೆ ಸರಳವಾದ ಸ್ಟಾಕ್ ಸಾಕಾಗಬಹುದು.

ಅಂತರರಾಷ್ಟ್ರೀಯ ನಿಯಮದಂತೆ ರೈಫಲಿನ ತೂಕ 8 ಕಿ.ಗ್ರಾಂ. ಮೀರುವಂತಿಲ್ಲ. ಗರಿಷ್ಠ ತೂಕವೇ ಉತ್ತಮ ಎಂಬ ಭಾವನೆ ಸರಿಯಲ್ಲ. ಸಣ್ಣ ಮೈಕಟ್ಟಿನವರು ನಿಂತ ಭಂಗಿಯಲ್ಲಿ ಅಷ್ಟು ಭಾರವನ್ನು ಬಹಳ ಹೊತ್ತು ಹಿಡಿದರೆ ಬೆನ್ನಿಗೆ ತೊಂದರೆಯಾಗುತ್ತದೆ. ಎಡಗಣ್ಣು ಪ್ರಧಾನವಾಗಿರುವವರು ಎಡಗೈ ಮಾದರಿಯನ್ನೇ ಕೇಳಿ ಪಡೆಯುವುದು ಲೇಸು. ಕ್ಲಬ್ಬಿನ ಎರಡು ಮೂರು ರೈಫಲ್‌ಗಳನ್ನು ಬಳಸಿ ನೋಡಿದ ನಂತರವೇ ತೀರ್ಮಾನಕ್ಕೆ ಬರುವುದು ಒಳಿತು.

ಭಾರತದಲ್ಲಿಯೇ ತಯಾರಾದ .22 ಸ್ಪೋರ್ಟಿಂಗ್ ರೈಫಲ್ ಕಲಿಕೆಗೆ ಉಪಯುಕ್ತ. ಉನ್ನತ ಮಟ್ಟದ ಸ್ಪರ್ಧೆಯಲ್ಲಿ ಜರ್ಮನಿಯ ಆನ್‌ಶುಟ್ಸ್, ವಾಲ್ಥರ್, ಫೈನ್‌ವರ್ಕ್‌ಬೌ ಹಾಗೂ ಸ್ವಿಟ್ಜರ್ಲೆಂಡಿನ ಬ್ಲೈಕರ್ ಮೊದಲಾದ ಸಂಸ್ಥೆಗಳ ರೈಫಲ್‌ಗಳು ಬಳಕೆಯಲ್ಲಿವೆ. ವಿದೇಶಿ ರೈಫಲಿನ ಆಮದು ನಿರ್ಬಂಧಿತವಾಗಿದ್ದು, ಮುಖ್ಯವಾಗಿ ಮಾನ್ಯತೆ ಪಡೆದ ಶೂಟರ್‌ಗಳಿಗೆ ಹಾಗೂ ಕ್ಲಬ್‌ಗಳಿಗೆ ಸ್ವಂತ ಬಳಕೆಗಾಗಿ ಅವಕಾಶವಿದೆ. ಆದುದರಿಂದ ಹೊಸಬರು ಬಳಸಿದ ರೈಫಲ್ ಕೊಳ್ಳಲು ಮುಂದಾಗುವುದುಂಟು. ಹಾಗೆ ಕೊಳ್ಳುವಾಗ ನಳಿಗೆಯ ತುದಿಯಲ್ಲಿ ಗಾಯ ಅಥವಾ ಸವೆತ, ಒಳಭಾಗದಲ್ಲಿ ತುಕ್ಕಿನ ಕಲೆ, ಸ್ಟಾಕ್‌ನಲ್ಲಿ ಬಿರುಕು ಇದೆಯೇ ಎಂಬುದನ್ನು ತಿಳಿದವರಿಂದ ಪರೀಕ್ಷಿಸಿಕೊಳ್ಳಬೇಕು. ಒಂದೇ ಕಂಪನಿಯ ತೋಟಾಗಳಲ್ಲಿಯೂ ಒಂದು ತಂಡ ಕೂಡಿದ ನಳಿಗೆಗೆ ಮತ್ತೊಂದು ತಂಡ ಕೂಡುವುದಿಲ್ಲ. ಹಲವು ತಂಡಗಳನ್ನು ಹಾರಿಸಿ ನೋಡಿ ಆರಿಸಬೇಕು. ದುಬಾರಿ ರೈಫಲ್ ಕೊಂಡು ಸಿಕ್ಕ ತೋಟಾ ಬಳಸುವುದಕ್ಕಿಂತ, ಸಾಧಾರಣ ರೈಫಲ್‌ಗೆ ಕೂಡುವ ತೋಟಾ ಹುಡುಕುವುದೇ ಹೆಚ್ಚು ಫಲಕಾರಿ.

ಪರವಾನಗಿ

ಆಯುಧ ಕಾಯ್ದೆ, 1959ರ 13ನೇ ಪ್ರಕರಣದಲ್ಲಿ ಒಂದು ಮಹತ್ವದ ಅಂಶವಿದೆ. ಕೇಂದ್ರ ಸರ್ಕಾರದ ಪರವಾನಗಿ ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ ಅಥವಾ ಸಂಘದ ಸದಸ್ಯರು ಗುರಿ ಅಭ್ಯಾಸಕ್ಕಾಗಿ .22 ಬೋರ್ ರೈಫಲ್ ಕೋರಿದಲ್ಲಿ, 14ನೇ ಪ್ರಕರಣದ ನಿರಾಕರಣೆಯ ಕಾರಣಗಳು ಇಲ್ಲದಿದ್ದರೆ, ಪರವಾನಗಿ ನೀಡತಕ್ಕದ್ದೆಂದು ಅದು ವಿಧಿಸುತ್ತದೆ. ಇತರ ಬಹುಪಾಲು ಆಯುಧಗಳಿಗೆ ಅರ್ಜಿದಾರರು ಸಕಾರಣವನ್ನು ಪ್ರತ್ಯೇಕವಾಗಿ ಮನವರಿಕೆ ಮಾಡಿಕೊಡಬೇಕಾಗುತ್ತದೆ. ಹೀಗಾಗಿ ಕ್ಲಬ್ಬಿನ ಸದಸ್ಯತ್ವ ಪತ್ರವೇ ಅರ್ಜಿಯ ಆಧಾರ. ಸದಸ್ಯರಾಗುವ ಮುನ್ನ ಕ್ಲಬ್ಬಿನ ಮಾನ್ಯತೆಯನ್ನು ಪರಿಶೀಲಿಸಿಕೊಳ್ಳಬೇಕು. ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಲ್ಲಿ ವಿಚಾರಿಸಬಹುದು.

ಬೆಳಗಾವಿ ನಗರವು 2014ರಿಂದ ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಯಲ್ಲಿದ್ದು, ಖಾನಾಪುರ ತಾಲ್ಲೂಕು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರ ವ್ಯಾಪ್ತಿಯಲ್ಲಿದೆ. ಪೊಲೀಸ್ ವರದಿ ಬರುವುದು ವಾಸಸ್ಥಳದ ಠಾಣೆಯಿಂದಾದ್ದರಿಂದ, ಊರು ಖಾನಾಪುರವಾಗಿದ್ದು ವ್ಯಾಸಂಗಕ್ಕಾಗಿ ನಗರದಲ್ಲಿರುವವರು ಅರ್ಜಿಯಲ್ಲಿನ ವಿಳಾಸವೂ ದಾಖಲೆಯಲ್ಲಿನ ವಿಳಾಸವೂ ಒಂದೇ ಆಗಿರುವಂತೆ ನೋಡಿಕೊಳ್ಳತಕ್ಕದ್ದು.

ಖಾನಾಪುರ ತಾಲ್ಲೂಕಿನ ಅರ್ಜಿದಾರರ ವಿಶೇಷ ಗಮನಕ್ಕೆ

2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿ ಅಭಯಾರಣ್ಯವು ಈ ತಾಲ್ಲೂಕಿನಲ್ಲಿದೆ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 34ನೇ ಪ್ರಕರಣದ ಪ್ರಕಾರ, ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ಹೊಸ ಆಯುಧ ಪರವಾನಗಿ ನೀಡುವುದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿ ಅವಶ್ಯ. ಈ ಪ್ರಕರಣವು ಗುರಿ ಶೂಟಿಂಗ್ ರೈಫಲ್‌ಗೆ ಪ್ರತ್ಯೇಕ ವಿನಾಯಿತಿ ನೀಡುವುದಿಲ್ಲ. ಹೆಮ್ಮಡಗಾ, ತಳೇವಾಡಿ, ಆಮಗಾಂವ ಮುಂತಾದ ಗ್ರಾಮಗಳ ಹಾಗೂ ಅವುಗಳ ಆಸುಪಾಸಿನ ಅರ್ಜಿದಾರರು ಇದಕ್ಕೆ ತಗಲುವ ಸಮಯವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು, ಗ್ರಾಮದ ಅಂತರವನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು ಉತ್ತಮ. 31ನೇ ಪ್ರಕರಣದಂತೆ ಲಿಖಿತ ಪೂರ್ವಾನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. ಅಭ್ಯಾಸಕ್ಕೆ ಹೋಗಿಬರುವವರಿಗೂ ಇದು ಅನ್ವಯಿಸುವುದರಿಂದ, ಪ್ರಯಾಣದ ದಾರಿಯನ್ನು ಮೊದಲೇ ನಿರ್ಧರಿಸಬೇಕು. ಅಂತೆಯೇ ಗೋವಾ ಹಾಗೂ ಮಹಾರಾಷ್ಟ್ರದ ಗಡಿಗಳು ಹತ್ತಿರವಿರುವುದರಿಂದ, ಹೊರರಾಜ್ಯದ ಸ್ಪರ್ಧೆಗೆ ಹೊರಡುವ ಮುನ್ನ ಪರವಾನಗಿಯಲ್ಲಿ ನಮೂದಿಸಿರುವ ಪ್ರಾದೇಶಿಕ ವ್ಯಾಪ್ತಿಯನ್ನು ಪರಿಶೀಲಿಸತಕ್ಕದ್ದು.

ಖರೀದಿಯ ನಂತರ

ಪರವಾನಗಿಯಲ್ಲಿ ಸೂಚಿಸಿದ ಅವಧಿಯೊಳಗೆ ರೈಫಲ್ ಖರೀದಿಸಿ ತಪಾಸಣೆಗೆ ಹಾಜರುಪಡಿಸತಕ್ಕದ್ದು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಸಾಮಾನ್ಯವಾಗಿ 5 ವರ್ಷ ಆಗಿರುತ್ತದೆ. ಅದೇ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಬಂದೂಕುಗಳನ್ನು ಎರಡಕ್ಕೆ ಇಳಿಸಿತಾದರೂ, ಗುರಿ ಅಭ್ಯಾಸಕ್ಕಾಗಿ .22 ರೈಫಲ್ ಬಳಸುವ ಮಾನ್ಯ ಕ್ಲಬ್ ಸದಸ್ಯರಿಗೆ ಈ ಮಿತಿ ಅನ್ವಯಿಸುವುದಿಲ್ಲ.

ಖಾನಾಪುರದ ಮಳೆಗಾಲದ ತೇವದಲ್ಲಿ ನಳಿಗೆಗೆ ಬೇಗನೆ ತುಕ್ಕು ಹಿಡಿಯುತ್ತದೆ. ಒಳಗೆ ಸ್ಪಂಜು ಇರುವ ಪೆಟ್ಟಿಗೆಯಲ್ಲಿ ಒದ್ದೆ ರೈಫಲನ್ನು ಮುಚ್ಚಿಡಬಾರದು. ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಬೀಗವಿರುವ ಕಪಾಟಿನಲ್ಲಿ ಇರಿಸಿ, ತೋಟಾಗಳನ್ನು ಬೇರೆಡೆ ಇಡತಕ್ಕದ್ದು. ಶೂಟಿಂಗ್ ನಿಲ್ಲಿಸಿ ರೈಫಲನ್ನು ಮತ್ತೊಬ್ಬ ಪರವಾನಗಿದಾರರಿಗೆ ಮಾರಲು ಇಚ್ಛಿಸಿದಲ್ಲಿ, ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಪೊಲೀಸ್ ಠಾಣಾಧಿಕಾರಿಗಳಿಗೆ ಲಿಖಿತ ಮಾಹಿತಿ ನೀಡಿ, 45 ದಿನಗಳು ಕಳೆದ ನಂತರವೇ ಹಸ್ತಾಂತರಿಸಬಹುದು.