ಬ್ಲಾಕಿನ ಮೇಲಿನ ಉಬ್ಬಂಕಿ

ಯಾದಗಿರಿ, ಶಹಾಪುರ, ಸುರಪುರದ ಕಡೆ ಹಳೇ ಜೀಪು ಮಾರಾಟಕ್ಕಿದೆ ಎಂದರೆ ಕೊಳ್ಳುವವರು ಕೇಳಬೇಕಾದ ಮೊದಲ ಮಾತು ಒಂದೇ: ‘ಇಂಜನ್ ಇದರದೇ ಅದ ಏನ್ರೀ?’ ಪೆಟ್ರೋಲ್ ತುಟ್ಟಿಯಾದಂತೆ ಮೂಲ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡವರು ಬಹಳ. ಅಂಬಾಸಿಡರ್‌ಗೆ ಮ್ಯಾಟಡೋರ್ ಎಂಜಿನ್ ಹಾಕಿಸುವುದಂತೂ ಒಂದು ಕಾಲದ ರೂಢಿ. ಇಳಿದ ಬ್ಲಾಕು ಗುಜರಿ ಸೇರುತ್ತದೆ, ಅಲ್ಲಿಂದ ಮತ್ಯಾವುದೋ ಗಾಡಿಯ ಹೊಟ್ಟೆಗೆ. ಆರ್‌ಸಿ ಪುಸ್ತಕದಲ್ಲಿ ಒಂದು, ಬಾನೆಟ್ ಕೆಳಗೆ ಇನ್ನೊಂದು.

ಉತ್ತರ ಬ್ಲಾಕಿನ ಮೈಮೇಲೇ ಎರಡು ಬಗೆಯಲ್ಲಿ ಇರುತ್ತದೆ. ಕೆಲವು ಅಂಕಿ ಉಬ್ಬಿರುತ್ತವೆ, ಕೆಲವು ತಗ್ಗಿನಲ್ಲಿರುತ್ತವೆ. ಉಬ್ಬಿದವು ಎರಕದ ಮನೆಯಲ್ಲೇ ಹುಟ್ಟಿದವು: ಮರಳಿನ ಅಚ್ಚಿನಲ್ಲಿ ಮೂಡಿದ ಗುಳಿಗೆ ಕರಗಿದ ಕಬ್ಬಿಣ ಇಳಿದು ಅಕ್ಷರವಾಗಿರುತ್ತದೆ. ತಗ್ಗಿನವು ಕಬ್ಬಿಣ ತಣಿದು, ಕೊರೆತ ಮುಗಿದ ಮೇಲೆ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದವು. ಆರ್‌ಸಿಯಲ್ಲಿ ಇರುವುದು ಈ ಎರಡನೆಯದು. ಅದನ್ನು ಗ್ರೈಂಡರ್‌ನಲ್ಲಿ ಉಜ್ಜಿ ಹೊಸದಾಗಿ ಹೊಡೆಯಲು ಅರ್ಧ ತಾಸು ಸಾಕು. ಎರಕದ ಅಂಕಿಯನ್ನು ಕೆತ್ತಿ ತೆಗೆಯಬಹುದೇ ಹೊರತು ಬೇರೆ ಅಂಕಿಯನ್ನು ಗುರುತು ಸಿಗದಂತೆ ಉಬ್ಬಿಸುವುದು ಸುಲಭವಲ್ಲ. ಆದ್ದರಿಂದ ನಾನಾದರೆ ಮೊದಲು ಉಬ್ಬಂಕಿಯನ್ನೇ ನಂಬುವೆ.

ಫೋರ್ಡ್ ಮಾಡೆಲ್ ಟಿ ನೋಡಿ. 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ತಯಾರಾದ ಈ ಕಾರಿನಲ್ಲಿ ಎಂಜಿನ್ ನಂಬರೇ ಕಾರಿನ ನಂಬರು. ಬ್ಲಾಕಿನ ಎಡಬದಿಯಲ್ಲಿ, ನೀರು ಒಳಹೋಗುವ ಬಾಯಿಯ ಮೇಲೆ ಅದನ್ನು ಹೊಡೆದಿರುತ್ತಾರೆ. ಬೇರೆ ಕಡೆ ತಿಂಗಳು, ದಿನ, ವರ್ಷ ಹೀಗೆ ಎರಕದ ತಾರೀಖು ಉಬ್ಬಿರುತ್ತದೆ. ಎರಕ ಮೊದಲು, ಕಾರು ಆಮೇಲೆ. ಎರಕದ ತಾರೀಖು ಕಾರು ತಯಾರಾದ ದಿನಕ್ಕಿಂತ ಈಚೆಗಿದ್ದರೆ ಬ್ಲಾಕು ಬದಲಾಗಿದೆ ಎಂದೇ ಲೆಕ್ಕ.

ಷೆವ್ರೊಲೆಯಲ್ಲಿ ತಿಂಗಳಿಗೊಂದು ಅಕ್ಷರ, ಜನವರಿಗೆ ‘ಎ’, ಡಿಸೆಂಬರಿಗೆ ‘ಎಲ್’. ‘ಸಿ 14 7’ ಎಂದರೆ ಮಾರ್ಚ್ 14, ವರ್ಷದ ಕೊನೆಯ ಅಂಕಿ 7. ಅದು 1937ರದೋ 1947ರದೋ ಎಂಬುದನ್ನು ಪಕ್ಕದ ದೊಡ್ಡ ಎರಕ ಸಂಖ್ಯೆಯಿಂದ ಬಿಡಿಸಬೇಕು. ಈ ಷೆವ್ರೊಲೆಯ ಒಡೆಯ ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯ ಶಿವಡಿಯಲ್ಲಿ ಜೋಡಣೆ ಕಾರ್ಖಾನೆ ತೆರೆದಿತ್ತು, ಆಗ ನಮ್ಮ ಸೀಮೆ ನಿಜಾಮರ ಕೈಯಲ್ಲಿತ್ತು. ಅವರ ಮನೆತನದ ಹಳದಿ ರೋಲ್ಸ್ ರಾಯ್ಸ್, 1912ರ ಸಿಲ್ವರ್ ಘೋಸ್ಟ್, ಇಂದೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಅದು ಓಡಿದ್ದೇ ಕೆಲವು ನೂರು ಮೈಲಿ, ಎಂಜಿನ್ ಬದಲಾಯಿತೇ ಎಂಬ ಸಂಶಯಕ್ಕೆ ಅಲ್ಲಿ ಜಾಗವೇ ಇಲ್ಲ!

ನಮ್ಮೂರ ಜೀಪಿಗೆ ಆ ಭಾಗ್ಯವಿಲ್ಲ. ಎರಡನೇ ಮಹಾಯುದ್ಧದ ಜೀಪನ್ನು ವಿಲ್ಲಿಸ್ ಮತ್ತು ಫೋರ್ಡ್ ಎರಡೂ ತಯಾರಿಸಿದ್ದವು, ಒಂದೇ ನಕ್ಷೆಯ 2.2 ಲೀಟರ್ ಎಂಜಿನ್. ನಂಬರಿನ ಮುಂದೆ ‘ಎಂಬಿ’ ಇದ್ದರೆ ವಿಲ್ಲಿಸ್, ‘ಜಿಪಿಡಬ್ಲ್ಯು’ ಇದ್ದರೆ ಫೋರ್ಡ್. ಫೋರ್ಡಿನವರಿಗೆ ತಮ್ಮ ಹೆಸರಿನ ಮೇಲೆ ಎಷ್ಟು ವ್ಯಾಮೋಹವೆಂದರೆ ಬೋಲ್ಟಿನ ತಲೆಯ ಮೇಲೂ ‘ಎಫ್’ ಹೊಡೆದಿದ್ದಾರೆ. ಆಮೇಲಿನ ಜೀಪುಗಳಲ್ಲಿ ಇನ್ನೂ ಸುಲಭದ ಗುರುತಿದೆ: ಹೆಡ್ ಬರೀ ಚಪ್ಪಟೆಯಾಗಿದ್ದರೆ ಹಳೇ ಎಂಜಿನ್, ಅದರ ಮೇಲೆ ವಾಲ್ವ್ ಮುಚ್ಚಳ ಕಂಡರೆ ನಂತರದ ‘ಹರಿಕೇನ್’.

ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ಮೂಲ ಬ್ರಿಟನ್ನಿನ ಬಿಎಂಸಿ ಕಂಪನಿ. ಅದೇ ವಂಶದ ಎಂಜಿನ್ನಿದ್ದ ಎಂಜಿ ಕಾರುಗಳಲ್ಲಿ ನಂಬರು 15, 16, 18 ಎಂದು ಶುರುವಾಗುತ್ತದೆ, ಅದು ಸಿಸಿಯ ಸೂಚನೆ. ಆದರೆ ಎಂಜಿಬಿಯಂಥ ಕಾರಿನಲ್ಲಿ ಅದು ಬ್ಲಾಕಿಗೆ ರಿವಿಟ್ ಹೊಡೆದ ತಗಡಿನ ಮೇಲಿರುತ್ತದೆ. ರಿವಿಟ್ ಕಿತ್ತರೆ ತಗಡು ಇನ್ನೊಂದು ಬ್ಲಾಕಿಗೆ ನಡೆದುಹೋಗುತ್ತದೆ.

ಇದೆಲ್ಲ ಬರೀ ಹುಚ್ಚರ ಹವ್ಯಾಸವೆಂದು ನಗಬೇಡಿ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಇಲಾಖೆ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. 50 ವರ್ಷ ಮೀರಿರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗದೆ ಮೂಲ ರೂಪದಲ್ಲೇ ಉಳಿದಿರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಬಾಳಿಕೆ ಹತ್ತು ವರ್ಷ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಜೊತೆ ‘ವಿಎ’ ಇರುತ್ತದೆ. ಮ್ಯಾಟಡೋರ್ ಎಂಜಿನ್ನಿನ ಅಂಬಾಸಿಡರ್ ಇಲ್ಲಿ ಗೆಲ್ಲುವುದು ಕಷ್ಟ.

ಓದುವ ಕೆಲಸಕ್ಕೆ ಬೇಕಾದ್ದು ಸೀಮೆಎಣ್ಣೆ, ತಂತಿ ಬ್ರಷ್, ಟಾರ್ಚು, ಸೀಮೆಸುಣ್ಣ. ಜಿಡ್ಡು ತೊಳೆದು, ಉಬ್ಬಿನ ಮೇಲೆ ಸುಣ್ಣ ಅಡ್ಡಡ್ಡ ಸವರಿದರೆ ಅಂಕಿ ಬೆಳ್ಳಗೆ ಎದ್ದು ಕಾಣುತ್ತದೆ. ಪಂಚ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಅಂಕಿಯ ಸುತ್ತ ಲೋಹ ಅತಿಯಾಗಿ ನುಣ್ಣಗಿದ್ದರೆ, ಸಾಲು ಡೊಂಕಾಗಿದ್ದರೆ ಮುಂಗಡ ಕೊಡಬೇಡಿ. ಮಿಸ್ತ್ರಿ ಬ್ಲಾಕಿಗೆ ಬಣ್ಣ ಬಳಿಯುವ ಮೊದಲೇ ಇದೆಲ್ಲ ಮುಗಿಸಿ, ಉಬ್ಬಂಕಿಯ ಫೋಟೊ ತೆಗೆದಿಡಿ. ಆರ್‌ಸಿ ಪುಸ್ತಕದಲ್ಲಿ ಅದು ಸಿಗುವುದಿಲ್ಲ.