ಹೋದ ಹಣದ ಮೇಲಿನ ಮಮತೆ

ಗೃಹಸ್ಥನಾದವನು ಬಿಡಲೇಬೇಕಾದ ಏಳು ವ್ಯಸನಗಳನ್ನು ಜೈನಾಚಾರ್ಯರು ಹೆಸರಿಸಿದ್ದಾರೆ. ಮದ್ಯ, ಮಾಂಸ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ ಇವೆಲ್ಲಕ್ಕೂ ಮೊದಲು ಆ ಸಾಲಿನಲ್ಲಿ ನಿಲ್ಲುವುದು ದ್ಯೂತ, ಎಂದರೆ ಜೂಜು. ಕುಡಿತಕ್ಕಿಂತಲೂ ಕಳವಿಗಿಂತಲೂ ಮುಂದೆ ಇದನ್ನೇಕೆ ಇಟ್ಟರು? ಉಳಿದ ಆರಕ್ಕೂ ಬಾಗಿಲು ತೆರೆಯುವುದು ಇದೇ ಎಂಬುದು ಶಾಸ್ತ್ರಕಾರರು ಕೊಡುವ ಕಾರಣ. ವಸುನಂದಿ ಆಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ ದ್ಯೂತದ ಕೇಡಿಗೆ ನಿದರ್ಶನವಾಗಿ ಯುಧಿಷ್ಠಿರನನ್ನು ತೋರಿಸುತ್ತಾರೆ. ಈ ಆಯ್ಕೆಯೇ ಗಮನಾರ್ಹ. ಆತ ಕಳ್ಳನಲ್ಲ, ಕುಡುಕನಲ್ಲ, ಪರರ ಸೊತ್ತಿಗೆ ಆಸೆಪಟ್ಟವನೂ ಅಲ್ಲ. ಧರ್ಮರಾಯನೆಂದೇ ಲೋಕವು ಕರೆದ ಪುರುಷ. ಅಂಥವನು ಭಂಡಾರ ಸೋತಾಗ ಏಳಲಿಲ್ಲ, ರಾಜ್ಯ ಸೋತಾಗಲೂ ಏಳಲಿಲ್ಲ. ಇನ್ನೊಂದು ದಾಳ ಉರುಳಿದರೆ ಎಲ್ಲವೂ ಮರಳಬಹುದೆಂಬ ಭ್ರಮೆ ಅವನನ್ನು ಹಾಸಿನ ಮುಂದೆ ಕೂರಿಸಿತ್ತು.

ಕನಕಗಿರಿ ಸೀಮೆಯ ನಮ್ಮ ಹುಲಿಹೈದರ ಮತ್ತು ಸುತ್ತಲಿನ ಊರುಗಳಲ್ಲಿ ಮುಗಿಲು ನೋಡಿ ಬಿತ್ತುವ ಕುಟುಂಬಗಳು ಬಹಳ. ಬಿತ್ತನೆಯೇ ಒಂದು ಜೂಜು ಎಂದು ರೈತರು ನಗುತ್ತ ಹೇಳುವುದುಂಟು. ಆದರೆ ಹೊಲ ಒಂದು ವರ್ಷ ಕೈಕೊಟ್ಟರೂ ಮಣ್ಣು ಉಳಿದಿರುತ್ತದೆ; ಜೂಜು ಆ ಮಣ್ಣನ್ನೂ ಉಳಿಸುವುದಿಲ್ಲ. ನಾಗರಪಂಚಮಿಯಲ್ಲಿ ನಿಂಬೆಹಣ್ಣು ಎಸೆಯುವ ಪಣ, ದೀಪಾವಳಿಯ ಇಸ್ಪೀಟು, ಚೀಟಿಯ ಮೇಲೆ ಅಂಕಿ ಬರೆಸುವ ಓ.ಸಿ. ಇವು ಈ ಭಾಗಕ್ಕೆ ಹೊಸವಲ್ಲ. ಲಾಟರಿಯ ಕಾಲವನ್ನೂ ಕಂಡಿದ್ದೇವೆ. 2007ರಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಲ್ಲಿಸಿತು. ಅನಂತರ ಬಂದದ್ದು ಮೊಬೈಲು. ಅಲ್ಲಿ ಅಗಸಿಕಟ್ಟೆಯ ಹಿರಿಯರ ಕಣ್ಣಿಲ್ಲ, ಎದ್ದು ಹೋಗುವ ಹೊತ್ತಿಲ್ಲ, ಕೈಯಿಂದ ನೋಟು ಜಾರುವ ಅರಿವೂ ಇಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಸ್ವಾಗತಾರ್ಹವಾದ ಕ್ರಮವೇ ಸರಿ. ಆದರೆ ಈಗಾಗಲೇ ಆಡಿ ಸೋತವನ ಮನೆಯ ಸಾಲವನ್ನು ಯಾವ ಕಾಯ್ದೆಯೂ ತೀರಿಸಲಾರದು.

ಹಿಂದೆ ನನ್ನಲ್ಲಿ ಓದಿದ್ದ ಯುವಕನೊಬ್ಬ ಇಂಥ ಸಾಲದ ಭಾರ ಹೊತ್ತು ಮನೆಗೆ ಬಂದಿದ್ದ. ಆಟ ಕೆಟ್ಟದ್ದೆಂದು ಅವನಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ. ಅವನ ಮಾತು ಒಂದೇ: “ಸರ, ಹೋದದ್ದಷ್ಟ ಒಮ್ಮಿ ತಿರುಗಿ ಬಂತಂದ್ರ ಸಾಕ್ರಿ, ಆಮ್ಯಾಲ ಮುಟ್ಟಂಗಿಲ್ಲ.” ಈ ವ್ಯಸನದ ತಿರುಳೆಲ್ಲ ಆ ಒಂದು ಮಾತಿನಲ್ಲಿದೆ. ಆರಂಭದಲ್ಲಿ ಗೆಲ್ಲುವ ಆಸೆ ಆಡಿಸುತ್ತದೆ. ಕೆಲವು ಕಾಲದ ಮೇಲೆ ಗೆಲುವಿನ ಆಸೆ ಸತ್ತು, ಸೋತದ್ದನ್ನು ಮರಳಿ ಪಡೆಯುವ ಹಟವೊಂದೇ ಆಡಿಸತೊಡಗುತ್ತದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಸ್ತುವಿನಲ್ಲಿ ಮನಸ್ಸು ಮೈಮರೆಯುವ ಮೂರ್ಛೆಯನ್ನು ಹಿಡಿಯುತ್ತಾರೆ. ಈ ವಿವೇಚನೆಯಂತೆ, ಕಿಸೆಯಲ್ಲಿ ಒಂದು ರೂಪಾಯಿ ಇಲ್ಲದವನೂ ಮಹಾಪರಿಗ್ರಹಿಯಾಗಬಲ್ಲನು. ಸೋತ ಹಣ ಈಗ ಇನ್ನೊಬ್ಬನ ಕೈಯಲ್ಲಿದೆ. ಆದರೂ ಸೋತವನು ಅದನ್ನು ‘ನನ್ನದು’ ಎಂದೇ ಎಣಿಸುತ್ತಾನೆ. ಇಲ್ಲದ ಆ ಹಣಕ್ಕಾಗಿ ಇರುವ ಹಣವನ್ನು, ಹೆಂಡತಿಯ ತಾಳಿಸರವನ್ನು, ಮಕ್ಕಳ ಶಾಲೆಯ ಶುಲ್ಕವನ್ನು ಸುರಿಯುತ್ತಾನೆ. ಆದ್ದರಿಂದ ಜೂಜಿನಿಂದ ಹೊರಬರುವವನು ಮೊದಲು ತ್ಯಾಗ ಮಾಡಬೇಕಾದದ್ದು ಹೋದ ಹಣವನ್ನು. ಹೋದದ್ದು ಹೋಯಿತೆಂದು ಒಪ್ಪುವುದು ಹೇಡಿತನವಲ್ಲ, ಅದು ತ್ಯಾಗವೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಸೊತ್ತಿಗೆ ಮಾತ್ರವಲ್ಲ, ಇಚ್ಛೆಗೂ ಎಲ್ಲೆ ಹಾಕಬೇಕೆಂದು ಅವರು ತಿಳಿದಿದ್ದರು.

ಮುಂದಿನದು ಆಲೋಚನೆ. ಈ ಶಬ್ದಕ್ಕೆ ಲೋಕರೂಢಿಯಲ್ಲಿ ವಿಚಾರವೆಂಬ ಅರ್ಥವಿದ್ದರೂ ಜೈನ ಪರಿಭಾಷೆಯಲ್ಲಿ ಇದು ಗುರುವಿನ ಮುಂದೆ ತನ್ನ ದೋಷವನ್ನು ಮರೆಮಾಚದೆ ಹೇಳಿಕೊಳ್ಳುವುದು. ಅರ್ಧ ಹೇಳಿ ಅರ್ಧ ಮುಚ್ಚಿಟ್ಟರೆ ಅದೂ ಒಂದು ದೋಷವೇ. ಜೂಜುಗಾರನ ಮನೆಯಲ್ಲಿ ಆಗುವುದು ಬಹುಮಟ್ಟಿಗೆ ಈ ಅರ್ಧ ಆಲೋಚನೆ. ಮೂರು ಲಕ್ಷದ ಸಾಲವಿದ್ದರೆ ಒಂದೂವರೆ ಲಕ್ಷವೆಂದು ಹೇಳುತ್ತಾನೆ. ಮನೆಯವರು ಅದನ್ನು ತೀರಿಸುತ್ತಾರೆ. ಉಳಿದದ್ದನ್ನು ತೀರಿಸಲು ಆತ ಮತ್ತೆ ಆಡುತ್ತಾನೆ. ಇಂಥವನು ಒಂದು ಹಾಳೆ ತೆಗೆದುಕೊಂಡು ಮಡದಿಯನ್ನೋ ತಂದೆಯನ್ನೋ ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಬರೆಯಲಿ: ಬ್ಯಾಂಕಿನದು, ಸೊಸೈಟಿಯದು, ಕೈಗಡ, ಬಡ್ಡಿಸಾಲ, ಮಡದಿಯ ಹೆಸರಿನಲ್ಲಿ ಎತ್ತಿದ ಸಂಘದ ಸಾಲ, ಅಡವಿಟ್ಟ ಬಂಗಾರ, ಮೊಬೈಲ್ ಆ್ಯಪಿನಲ್ಲಿ ಪಡೆದದ್ದು, ಕಿರಾಣಿ ಅಂಗಡಿಯ ಉದ್ರಿ. ಪ್ರತಿಯೊಂದರ ಮುಂದೆ ಬಡ್ಡಿಯ ದರ. ಅತಿ ಹೆಚ್ಚು ಬಡ್ಡಿ ತಿನ್ನುವುದು ಮೊದಲು ತೀರಲಿ. ಬಂಗಾರದ ಹರಾಜಿನ ದಿನಾಂಕವಂತೂ ಕಣ್ಣಿಗೆ ಕಾಣುವಂತೆ ಇರಲಿ. ಸಾಲ ಕೊಟ್ಟವರು ಮನೆಯ ಮುಂದೆ ಬಂದು ಕಿರುಕುಳ ಕೊಟ್ಟರೆ ಹೆದರಿ ಇನ್ನೊಂದು ಸಾಲಕ್ಕೆ ಓಡಬೇಕಾಗಿಲ್ಲ. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ತಂದ ಸುಗ್ರೀವಾಜ್ಞೆಯಲ್ಲಿ 10 ವರ್ಷಗಳವರೆಗಿನ ಜೈಲು, 5 ಲಕ್ಷ ರೂಪಾಯಿವರೆಗಿನ ದಂಡ ವಿಧಿಸುವ ಅವಕಾಶವಿತ್ತು. ಅನಂತರ ವಿಧಾನಮಂಡಲವೂ ಅದಕ್ಕೆ ಕಾಯ್ದೆಯ ರೂಪ ಕೊಟ್ಟಿದೆ.

ಹೆತ್ತವರಿಗೆ ಒಂದು ಮಾತು. ಎರಡೆಕರೆ ಮಾರಿ ಮಗನ ಸಾಲವನ್ನು ರಾತ್ರೋರಾತ್ರಿ ತೀರಿಸಿ ಮಾನ ಉಳಿಸಿಕೊಳ್ಳುವ ತಂದೆಯ ಕರುಳು ದೊಡ್ಡದು. ಆದರೆ ಆ ಕರುಣೆ ಮಗನನ್ನು ಉಳಿಸುವುದು ವಿರಳ. ಸಹಾಯ ಮಾಡುವುದಾದರೆ ಹಣವನ್ನು ಅವನ ಕೈಗೆ ಕೊಡದೆ ಸಾಲಗಾರನಿಗೇ ಮುಟ್ಟಿಸಿ ಚೀಟಿ ಪಡೆಯಬೇಕು. ಮಾಲು ಮಾರಿದ ಹಣವಾಗಲಿ ಸಂಬಳವಾಗಲಿ ಕೆಲವು ಕಾಲ ಮಡದಿಯ ಖಾತೆಗೆ ಹೋಗಲಿ. ಇದರಲ್ಲಿ ಅವಮಾನವೇನೂ ಇಲ್ಲ. ವ್ರತ ಹಿಡಿದವನು ವ್ರತಭಂಗಕ್ಕೆ ಎಡೆಮಾಡುವ ಸ್ಥಳದಿಂದ ದೂರ ನಿಲ್ಲುವುದು ನಮ್ಮಲ್ಲಿ ಹಳೆಯ ಪದ್ಧತಿ.

ಆದಾಯಕ್ಕೆ ತಕ್ಕ ವ್ಯಯವನ್ನು ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಗೃಹಸ್ಥನ ಗುಣಗಳಲ್ಲೊಂದಾಗಿ ಎಣಿಸಿದ್ದಾರೆ. ಆ ಗುಣಗಳಲ್ಲಿ ಮೊದಲನೆಯದು ನ್ಯಾಯದಿಂದ ಗಳಿಸಿದ ಸಂಪತ್ತು. ಆದಾಯವನ್ನು ನಾಲ್ಕು ಪಾಲು ಮಾಡಿ ಒಂದನ್ನು ಕೂಡಿಡುವುದು, ಒಂದನ್ನು ವ್ಯಾಪಾರಕ್ಕೆ ತೊಡಗಿಸುವುದು, ಒಂದನ್ನು ಧರ್ಮಕ್ಕೂ ಭೋಗಕ್ಕೂ ಬಳಸುವುದು, ಒಂದರಿಂದ ಆಶ್ರಿತರನ್ನು ಪೋಷಿಸುವುದು ಎಂಬ ಕ್ರಮವೂ ಶ್ರಾವಕಾಚಾರದ ಪರಂಪರೆಯಲ್ಲಿದೆ. ದಿನಗೂಲಿಯವನಿಗೆ ಈ ಲೆಕ್ಕ ಯಥಾವತ್ತಾಗಿ ಹೊಂದದು, ನಿಜ. ಸಾಲವಿರುವವನು ವ್ಯಾಪಾರದ ಪಾಲನ್ನೂ ಭೋಗದ ಪಾಲನ್ನೂ ಸಾಲಕ್ಕೇ ಕಟ್ಟಲಿ. ಆದರೆ ಕೂಡಿಡುವ ಪಾಲನ್ನು ಪೂರ್ತಿ ಅಳಿಸಬಾರದೆಂಬುದು ನನ್ನ ಅಭಿಪ್ರಾಯ. ತಿಂಗಳಿಗೆ 200 ರೂಪಾಯಿಯಾದರೂ ಅಂಚೆ ಕಚೇರಿಯ ಖಾತೆಯಲ್ಲಿ ಬೀಳುತ್ತಿದ್ದರೆ, ಮಗುವಿಗೆ ಜ್ವರ ಬಂದ ದಿನ ಮತ್ತೆ ಬಡ್ಡಿಯವನ ಬಾಗಿಲಿಗೆ ಹೋಗುವುದು ತಪ್ಪುತ್ತದೆ.

ಸಾಲ ತೀರುವ ಮಾರ್ಗ ನಿಧಾನದ್ದು. ಜಿನಸೇನರು ಕ್ರಿ.ಶ. 783ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ ಚಂಪಾನಗರದ ಚಾರುದತ್ತನ ಕಥೆ ಬರುತ್ತದೆ. ವ್ಯಸನಕ್ಕೆ ಬಿದ್ದು ತಂದೆಯ ಕೋಟಿಗಟ್ಟಲೆ ಹಣವನ್ನು ಕಳೆದ ಶ್ರೇಷ್ಠಿಪುತ್ರನೀತ. ಎಚ್ಚೆತ್ತಾಗ ಉಳಿದದ್ದು ಮಡದಿಯ ಒಡವೆ ಮಾತ್ರ. ಅದನ್ನೇ ಬಂಡವಾಳ ಮಾಡಿ ಸೋದರಮಾವನೊಡನೆ ವ್ಯಾಪಾರಕ್ಕೆ ಹೊರಟು ಹತ್ತಿ ಕೊಂಡ. ಹತ್ತಿ ಕಾಡ್ಗಿಚ್ಚಿಗೆ ಬೂದಿಯಾಯಿತು. ಹಡಗೇರಿದ, ಹಡಗು ಒಡೆಯಿತು. ತಿದ್ದಿಕೊಂಡ ಮರುದಿನವೇ ಅದೃಷ್ಟವನ್ನು ಪುರಾಣಕಾರರು ಅವನ ಕೈಗೆ ಕೊಡಲಿಲ್ಲ. ಆದರೂ ಆತ ಮತ್ತೆ ವ್ಯಾಪಾರಕ್ಕೇ ಹೋದನಲ್ಲದೆ ವ್ಯಸನಕ್ಕೆ ಹಿಂದಿರುಗಲಿಲ್ಲ. ಬಹುಕಾಲದ ಮೇಲೆ ಚಂಪೆಗೆ ಸಂಪತ್ತಿನೊಡನೆ ಮರಳಿದ.

ವ್ರತವೊಂದರಿಂದಲೇ ಮನಸ್ಸು ಹಿಡಿತಕ್ಕೆ ಬರದಿದ್ದರೆ ವೈದ್ಯರ ಬಳಿಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಚಟವನ್ನು ರೋಗಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಆಹಾರ, ಶಾಸ್ತ್ರ, ಅಭಯಗಳೊಡನೆ ಔಷಧವನ್ನೂ ದಾನವೆಂದು ಗೌರವಿಸಿದ ಧರ್ಮ ನಮ್ಮದು. ಔಷಧ ಪಡೆಯುವುದು ವ್ರತಕ್ಕೆ ಕುಂದಲ್ಲ. ನಮ್ಮ ಭಾಗದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಇದೆ. 14416 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆ ಹಗಲೂ ರಾತ್ರಿಯೂ ಉಚಿತವಾಗಿ ದೊರೆಯುತ್ತದೆ. ಸಾಲದ ಭಯದಲ್ಲಿ ಬದುಕೇ ಬೇಡವೆನಿಸಿದವನು ಬೆಳಗಾಗುವವರೆಗೆ ಕಾಯದೆ ಅದೇ ಹೊತ್ತಿಗೆ ಕರೆ ಮಾಡಲಿ; ಮನೆಯವರು ಅವನನ್ನು ಒಂಟಿಯಾಗಿ ಬಿಡದಿರಲಿ.

ಇಸ್ಪೀಟಿನ ಹಾಸು ಹೆಚ್ಚಾಗಿ ಬಿಚ್ಚಿಕೊಳ್ಳುವುದು ದೀಪಾವಳಿಯಲ್ಲಿ ಎಂದೆನಷ್ಟೆ. ಅದೇ ಅಮಾವಾಸ್ಯೆ ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ತಿಥಿ. ಮರುದಿನ ಪಾಡ್ಯಕ್ಕೆ ವೀರನಿರ್ವಾಣ ಸಂವತ್ಸರ ಮೊದಲಾಗುತ್ತದೆ. ಜೈನ ವರ್ತಕರು ಆ ಹಬ್ಬದಲ್ಲಿ ಹೊಸ ಖಾತೆ ಪುಸ್ತಕವನ್ನು ಪೂಜಿಸಿ ತೆರೆಯುತ್ತಾರೆ. ಪುಸ್ತಕ ಹೊಸದಾದರೂ ಹಳೆಯ ಬಾಕಿ ಅಳಿಯುವುದಿಲ್ಲ. ಅದನ್ನು ಹೊಸ ಪುಟಕ್ಕೆ ಎಳೆದು, ಕೊಡಬೇಕಾದವರ ಹೆಸರು ಸಹಿತ ಬರೆದುಕೊಂಡೇ ವರ್ಷದ ಲೆಕ್ಕ ಶುರುವಾಗುತ್ತದೆ.